ಸುಳ್ಳು ನೀರು

ನಮ್ಮಪ್ಪ ಗಾಡಿಯ ಚಕ್ರ ಮಾಡುತ್ತಿದ್ದರು. ಕೆ.ಆರ್. ಪೇಟೆಯಲ್ಲಿ ನಮ್ಮ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರವಿತ್ತು. ಅದರ ಕೆಳಗೆ ಯಾವಾಗಲೂ ಹಸಿ ಜಾಲಿ ಮರದ ವಾಸನೆ. ಗರಿಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ನೆಲದ ಮೇಲೆ ಬಿದ್ದಿರುತ್ತಿತ್ತು. ಮರ ಕೆತ್ತುವ ಅಪ್ಪನ ಬಾಚಿ ಎದ್ದು ಬೀಳುವಾಗ ಆ ಬಿಸಿಲಿನ ಚೂರುಗಳೂ ಅದರ ಜೊತೆ ಎದ್ದು ಬೀಳುತ್ತಿರುವಂತೆ ನನಗೆ ಕಾಣುತ್ತಿತ್ತು. ನಾನು ಹೆಣ್ಣುಮಗಳು, ಬಾಚಿ ಮುಟ್ಟುವ ಹಾಗಿರಲಿಲ್ಲ. ಮರದ ಚಕ್ಕೆಗಳ ರಾಶಿಯ ಮೇಲೆ ಕೂತು ನೋಡಬಹುದಿತ್ತು, ಅಷ್ಟೇ. ನೋಡುತ್ತ ನೋಡುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದೆ.

ಅಪ್ಪ ತೀರಿಕೊಂಡಾಗ ಚಪ್ಪರದಲ್ಲಿ ಒಂದೇ ಒಂದು ಚಕ್ರ ಉಳಿದಿತ್ತು. ಯಾರೋ ಹೇಳಿ ಮಾಡಿಸಿ, ಅಷ್ಟರಲ್ಲಿ ಟ್ರಾಕ್ಟರು ತಂದುಕೊಂಡು, ತೆಗೆದುಕೊಂಡು ಹೋಗಲು ಬಾರದೆ ಬಿಟ್ಟ ಚಕ್ರ. ನಾನಾಗಲೇ ಮದುವೆಯಾಗಿ ಶ್ರೀರಂಗಪಟ್ಟಣ ಸೇರಿ ಹತ್ತು ಹದಿನೈದು ವರ್ಷವಾಗಿತ್ತು. ಆ ಚಕ್ರವನ್ನು ಸೌದೆಗೆ ಕೊಡಲು ಮನಸ್ಸು ಬರಲಿಲ್ಲ. ನಮ್ಮ ಬೀದಿಯ ಕೊನೆಗೆ, ನದಿಗೆ ಹತ್ತಿರವಾಗಿ, ಹಳೆಯ ಮಹಡಿ ಮನೆಯೊಂದರಲ್ಲಿ ಪುಟ್ಟ ವಸ್ತುಸಂಗ್ರಹಾಲಯವಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಒಂದು ದಿನ ಚಕ್ರವನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಅವರ ಬಾಗಿಲಲ್ಲಿ ಇಳಿಸಿದೆ.

ಮೇಷ್ಟ್ರು ಚಕ್ರದ ಸುತ್ತ ಎರಡು ಸಲ ನಡೆದರು. ನಡುವಿನ ಗುಂಬಕ್ಕೆ ಅರಗಳು ಹೇಗೆ ಕೂರುತ್ತವೆ, ಸುತ್ತಲಿನ ಕಬ್ಬಿಣದ ಪಟ್ಟಿಯನ್ನು ಯಾಕೆ ಕೆಂಪಗೆ ಕಾಯಿಸಿ ಹಾಕುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿದ್ದುದನ್ನು ಹೇಳುತ್ತ ಹೋದೆ. ಎಷ್ಟು ಹೊತ್ತು ಹೇಳಿದೆನೋ. ಮಾತು ಮುಗಿದಾಗ ಆಟೋದವನು ಹೊರಟುಹೋಗಿದ್ದ, ಅಂಗಳದ ನೆರಳು ಗೋಡೆ ಹತ್ತಿತ್ತು. ಮೇಷ್ಟ್ರು, ಸೋಮವಾರದಿಂದ ಬಂದು ಮಕ್ಕಳಿಗೆ ಇದನ್ನೆಲ್ಲ ಹೀಗೇ ಹೇಳುವುದಕ್ಕೆ ಆಗುತ್ತದಾ ಎಂದು ಕೇಳಿದರು. ನಾನು ಪಿಯುಸಿ ಓದಿದವಳು. ಆಗುತ್ತದೆ ಎಂದೆ.

ಕೆಳಗಿನ ಹಜಾರದಲ್ಲಿ ಹಳೆಯ ನೇಗಿಲು, ಕುಂಟೆ, ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದ ಚರ್ಮದ ಬಾನೆ, ಜೊತೆಗೆ ಅಪ್ಪನ ಚಕ್ರ. ಮೇಲಿನದು ಮೇಷ್ಟ್ರ ಪ್ರೀತಿಯ ಕೋಣೆ. ಅದರ ಬಾಗಿಲ ಮೇಲೆ 'ಮುಗಿಯದ ಶಕ್ತಿ' ಎಂದು ಬರೆಸಿದ್ದರು. ಪುಸ್ತಕಗಳಲ್ಲಿ ಇರುವ 'ನವೀಕರಿಸಬಹುದಾದ ಇಂಧನ' ಎಂಬ ಮಾತು ಆರೇಳು ವರ್ಷದ ಮಕ್ಕಳ ನಾಲಿಗೆಯ ಮೇಲೆ ನಿಲ್ಲುವುದಿಲ್ಲ, ಅದಕ್ಕೆ ಹೀಗೆ ಎನ್ನುತ್ತಿದ್ದರು. ಕೋಣೆಯ ನಡುವೆ ಮೇಷ್ಟ್ರು ತಮ್ಮ ಕೈಯಾರೆ ಪ್ಲೈವುಡ್ಡಿನಲ್ಲಿ ಕಟ್ಟಿದ ಒಂದು ಹಸಿರು ಬೆಟ್ಟ. ಬೆಟ್ಟದ ತುದಿಯಿಂದ ನೀರು ಧುಮುಕಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತಿತ್ತು. ಚಕ್ರ ತಿರುಗಿದರೆ ಬೆಟ್ಟದ ಬುಡದ ಊರಿನಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಮನೆಗಳಲ್ಲಿ, ದೀಪಗಳು ಹತ್ತುತ್ತಿದ್ದವು. ಒಂದು ಮೂಲೆಯಲ್ಲಿ ಗಾಳಿಯಂತ್ರ, ಇನ್ನೊಂದರಲ್ಲಿ ಬಿಸಿಲ ಫಲಕ. ಮಧ್ಯಾಹ್ನ ನದಿಯ ಮೇಲಿನ ಬೆಳಕು ಕಿಟಕಿಯಿಂದ ಒಳಗೆ ಬಂದು ಮಾಳಿಗೆಯ ಜಂತೆಗಳ ಮೇಲೆ ಅಲುಗಾಡುತ್ತಿತ್ತು. ಮಕ್ಕಳು ಇಲ್ಲದ ಹೊತ್ತಿನಲ್ಲಿ ನಾನು ಒಬ್ಬಳೇ ಬೆಟ್ಟವನ್ನು ಚಾಲೂ ಮಾಡಿ ಅದರ ಮುಂದೆ ಕೂರುತ್ತಿದ್ದೆ. ನೀರಿನ ಸದ್ದು ಕೇಳುತ್ತ ಆ ಪುಟ್ಟ ಊರಿನ ಯಾವುದೋ ಮನೆಯೊಳಗೆ ನಾನೇ ಇದ್ದೇನೆ ಅನ್ನಿಸಿ ಕಣ್ಣು ಎಳೆಯುತ್ತಿತ್ತು.

ಬೆಟ್ಟದ ಸುತ್ತ ನೆಲದವರೆಗೆ ಒಂದು ನೀಲಿ ಬಟ್ಟೆ ಇಳಿಬಿಟ್ಟಿತ್ತು. ಅದರ ಹಿಂದೆ ಏರ್ ಕೂಲರಿನಲ್ಲಿ ಇರುವಂಥ ಒಂದು ಸಣ್ಣ ಮೋಟಾರು ಕೆಳಗೆ ಬಿದ್ದ ನೀರನ್ನು ಮತ್ತೆ ತುದಿಗೆ ಎತ್ತುತ್ತಿತ್ತು. ಅದರ ವೈರು ಗೋಡೆಯ ಪ್ಲಗ್ಗಿಗೆ ಹೋಗುತ್ತಿತ್ತು. ಗಾಳಿಯಂತ್ರದ ಹಿಂದೆ ಟೇಬಲ್ ಫ್ಯಾನು, ಬಿಸಿಲ ಫಲಕದ ಮೇಲೆ ದೊಡ್ಡ ಬಲ್ಬು. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಅವತ್ತು ಸಿಂಧಘಟ್ಟದ ಆಚೆಯ ಒಂದು ಸಣ್ಣ ಊರಿನಿಂದ ಒಂದನೇ, ಎರಡನೇ ತರಗತಿಯ ಮಕ್ಕಳು ಬಂದಿದ್ದರು. ಇಪ್ಪತ್ತು ಮಕ್ಕಳಿರಬಹುದು, ಜೊತೆಗೆ ಅವರ ಮೇಡಮ್ಮು. ಮಕ್ಕಳು ಬೆಟ್ಟದ ಸುತ್ತ ಕುಕ್ಕರಗಾಲಲ್ಲಿ ಕೂತರು. ನಾನು ಬಾಯಿಪಾಠವಾಗಿದ್ದ ಮಾತನ್ನು ಶುರು ಮಾಡಿದೆ. ಕಲ್ಲಿದ್ದಲು ಸುಟ್ಟರೆ ಮುಗಿದುಹೋಗುತ್ತದೆ, ನೀರು ಮುಗಿಯುವುದಿಲ್ಲ, ನೋಡಿ, ಬೆಟ್ಟದಿಂದ ಇಳಿಯುವ ನೀರು ದೀಪ ಹತ್ತಿಸುತ್ತಿದೆ. 'ಈ ನೀರಿಗೆ ಬೇರೆ ಯಾವ ಕರೆಂಟೂ ಬೇಕಾಗಿಲ್ಲ' ಎಂದೂ ಹೇಳಿದೆ. ಹಾಗೆ ಹೇಳಬೇಕೆಂದು ಮೇಷ್ಟ್ರು ಬರೆದುಕೊಟ್ಟಿರಲಿಲ್ಲ. ಮಾತಿನ ಹುಮ್ಮಸ್ಸಿನಲ್ಲಿ ನಾನೇ ಸೇರಿಸಿಕೊಂಡದ್ದು.

ಅಷ್ಟರಲ್ಲಿ ಕರೆಂಟು ಹೋಯಿತು.

ನೀರು ನಿಂತಿತು. ಪುಟ್ಟ ಚಕ್ರ ಅರ್ಧ ಸುತ್ತು ಹೋಗಿ ತಡವರಿಸಿ ನಿಂತಿತು. ಊರಿನ ದೀಪಗಳು ಆರಿದವು. ಗಾಳಿಯಂತ್ರ ನಿಂತಿತು, ಬಿಸಿಲ ಫಲಕದ ಮೇಲಿನ ಬಲ್ಬೂ ಆರಿತು. ಮುಗಿಯದ ಶಕ್ತಿಯೆಲ್ಲ ಒಂದೇ ಉಸಿರಿಗೆ ಮುಗಿದುಹೋಯಿತು. ಕೋಣೆಯಲ್ಲಿ ಜಂತೆಯ ಮೇಲಿನ ನದಿಯ ಬೆಳಕು ಮಾತ್ರ ಅಲುಗುತ್ತಿತ್ತು. ಕೆಲವು ಮಕ್ಕಳು ತಲೆಯೆತ್ತಿ ಅದನ್ನೇ ನೋಡತೊಡಗಿದರು.

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮುಂದಿನ ಎರಡು ಹಲ್ಲು ಬಿದ್ದ ಬಾಯಿ. ಅವಳು ಸದ್ದಿಲ್ಲದೆ ಮುಂದೆ ಸರಿದು ನೀಲಿ ಬಟ್ಟೆಯನ್ನು ಎತ್ತಿದಳು. ಮೋಟಾರನ್ನು ನೋಡಿದಳು. ಆಮೇಲೆ ವೈರಿನ ಮೇಲೆ ಒಂದು ಬೆರಳಿಟ್ಟು, ಅದು ಹೋದ ದಾರಿಯಲ್ಲೇ ಅಂಬೆಗಾಲಿಟ್ಟು ಹೋಗಿ, ಗೋಡೆಯ ಪ್ಲಗ್ಗಿನವರೆಗೆ ಮುಟ್ಟಿದಳು. ಅಲ್ಲಿಂದ ತಿರುಗಿ ನನ್ನನ್ನು ನೋಡಿದಳು.

"ಮಿಸ್ಸು, ಇದು ಸುಳ್ಳು ನೀರು" ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಕೋಳಿ ಗೂಡಿನಲ್ಲಿ ಮೊಟ್ಟೆ ಇಲ್ಲ ಎಂದು ಅಮ್ಮನಿಗೆ ಬಂದು ಹೇಳುವ ಹಾಗೆ ಹೇಳಿದಳು. ಆಮೇಲೆ, "ಅಂಗಾರೆ ಕರೆಂಟು ಎಲ್ಲಿಂದ ಬತ್ತದೆ?" ಎಂದು ಕೇಳಿದಳು.

ಅದಕ್ಕೆ ನಾನು ಏನು ಹೇಳಬಹುದಿತ್ತೋ ಅದನ್ನೆಲ್ಲ ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಗ ಬಾಯಿಗೆ ಬಂದದ್ದು ಒಂದೇ. "ವೈರು ಮುಟ್ಬಾರ್ದು, ಶಾಕ್ ಹೊಡೀತದೆ, ಎದ್ದು ಈ ಕಡೆ ಬಾ" ಎಂದು ಗದರಿದೆ. ಅವರ ಮೇಡಮ್ಮು ಅವಳ ತೋಳು ಹಿಡಿದು ಸಾಲಿಗೆ ಸೇರಿಸಿದರು. ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಹುಡುಗಿ ಅಳಲಿಲ್ಲ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೇಳಿದ್ದಕ್ಕೆ ಉತ್ತರ ಇಲ್ಲಿ ಸಿಗುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಬಿಟ್ಟ ಹಾಗಿತ್ತು.

ಸಂಜೆ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ನಾನು ಸೇರಿಸಿಕೊಂಡು ಹೇಳಿದ ಸುಳ್ಳನ್ನೂ, ಗದರಿದ್ದನ್ನೂ. ಅವರು ಬೆಟ್ಟದ ಹುಲ್ಲಿನ ಬಣ್ಣ ಎದ್ದಿದ್ದ ಜಾಗವನ್ನು ಉಗುರಿನಿಂದ ಸರಿಮಾಡತೊಡಗಿದರು. ಆಮೇಲೆ, ಇದು ಮಾದರಿ ಅಷ್ಟೇ, ಮಾದರಿಯನ್ನು ಸುಳ್ಳು ಅನ್ನುವುದಕ್ಕೆ ಆಗುವುದಿಲ್ಲ, ತೋರಿಸುವುದಕ್ಕೆ ಇಷ್ಟು ಸಾಕು ಎಂದರು. ಅವರಿಗೆ ನೋವಾಗಿತ್ತು. ಆ ಬೆಟ್ಟ ಕಟ್ಟಲು ಅವರು ಒಂದು ಬೇಸಗೆಯನ್ನೇ ಕಳೆದಿದ್ದರು. ನಾಲ್ಕೈದು ದಿನ ನಾವಿಬ್ಬರೂ ಅಗತ್ಯಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆವು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾನು ಬೆಟ್ಟದ ಮುಂದೆ ಕೂತು ತೂಕಡಿಸಿದೆ. ಕನಸಿನಲ್ಲಿ ಆ ಪುಟ್ಟ ಊರಿನ ಬೀದಿಯಲ್ಲಿ ನಡೆಯುತ್ತಿದ್ದೆ. ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ, ಆದರೆ ಪ್ರತಿ ಮನೆಯೊಳಗೂ ನೀರು ಹರಿಯುವ ಸದ್ದಿತ್ತು. ಊರಿನ ಆಚೆ ಅಪ್ಪ ಕೂತು ಮರ ಕೆತ್ತುತ್ತಿದ್ದರು. ಅವರ ಮುಂದೆ ಅರ್ಧ ಮುಗಿದ ಚಕ್ರ. ಗಾಡಿಗೆ ಇಷ್ಟು ಅಗಲದ ಚಕ್ರ ಯಾಕೆ ಎಂದು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಎಚ್ಚರವಾಯಿತು. ಎಚ್ಚರವಾದ ಮೇಲೂ ಆ ಅಗಲದ ಚಕ್ರ ಕಣ್ಣ ಮುಂದೆ ನಿಂತಿತ್ತು. ಅದು ಗಾಡಿಯದಲ್ಲ, ನೀರಿನದು ಎಂದು ಮುಖ ತೊಳೆಯುವಾಗ ಹೊಳೆಯಿತು.

ಪಾಂಡವಪುರದಲ್ಲಿ ಅಪ್ಪನ ಹಳೆಯ ಜೊತೆಗಾರರೊಬ್ಬರಿದ್ದರು. ಕಮ್ಮಾರರು. ಅಪ್ಪ ಮಾಡಿದ ಚಕ್ರಗಳಿಗೆ ಪಟ್ಟಿ ಕೂರಿಸುತ್ತಿದ್ದವರು. ನಾನು ಚಿಕ್ಕವಳಿದ್ದಾಗಿನಿಂದ ಅವರನ್ನು ಮಾವ ಎಂದೇ ಕರೆಯುವುದು. ಈಗ ಅವರ ಕುಲುಮೆಯ ಜಾಗದಲ್ಲಿ ವೆಲ್ಡಿಂಗ್ ಶೆಡ್ಡು ಬಂದಿದೆ. ಗೇಟು, ಕಿಟಕಿಯ ಸರಳು, ಟ್ರೇಲರಿನ ರಿಪೇರಿ. ಭಾನುವಾರ ಬಸ್ಸು ಹತ್ತಿ ಹೋದೆ. ಅಪ್ಪನ ಬಾಚಿ, ಎರಡು ಉಳಿಗಳನ್ನು ಚೀಲದಲ್ಲಿ ಹಾಕಿಕೊಂಡಿದ್ದೆ.

ನೀರಿನ ಚಕ್ರ ಮಾಡಬೇಕು, ಮರದ ಕೆಲಸ ನನ್ನದು, ಕಬ್ಬಿಣದ ಅಚ್ಚು ನಿಮ್ಮದು ಎಂದಾಗ ಮಾವ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ಅಲ್ಲ ಕಣವ್ವ, ನಿಮ್ಮಪ್ಪ ನಿಂಗೆ ಬಾಚೀನೇ ಮುಟ್ಟುಸ್ತಿರ್ಲಿಲ್ವಲ್ಲ. ಎಲ್ಲಿ ಕಲ್ತೆ?"

"ಮುಟ್ಟುಸ್ತಿರ್ಲಿಲ್ಲ ಮಾವ. ನೋಡ್ತಾ ಕೂತಿರ್ತಿದ್ದೆ."

ಮಾವ ಶೆಡ್ಡಿನ ಮೂಲೆಯಿಂದ ಒಂದು ಜಾಲಿ ತುಂಡನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ಮೊದಲ ಏಟು ಜಾರಿತು. ಎರಡನೆಯದು ಮರಕ್ಕೆ ಕಚ್ಚಿತು. ನೋಡುವುದಕ್ಕೂ ಮಾಡುವುದಕ್ಕೂ ಇರುವ ದೂರ ಅವತ್ತು ನನಗೆ ತಿಳಿಯಿತು. ಕಣ್ಣಿಗೆ ಗೊತ್ತಿದ್ದುದೆಲ್ಲ ಕೈಗೆ ಇಳಿಯಲು ಆರು ಭಾನುವಾರ ಬೇಕಾಯಿತು. ಅಂಗೈಯಲ್ಲಿ ಬೊಕ್ಕೆಗಳು ಬಂದು ಒಡೆದು ಗಟ್ಟಿಯಾದವು. ಗುಂಬಕ್ಕೆ ಜಾಲಿ, ನೀರು ತಳ್ಳುವ ರೆಕ್ಕೆಗಳಿಗೆ ಹಳೇ ಬಾಗಿಲಿನ ತೇಗದ ಹಲಗೆ. ಒಂದು ರೆಕ್ಕೆ ಎರಡು ಸಲ ಸೀಳಿ ಮೂರನೇ ಸಲಕ್ಕೆ ಕೂತಿತು. ಕೆಲವು ಸಲ ಉಳಿಯನ್ನು ಇಟ್ಟ ಕೋನ ನನ್ನದಲ್ಲ, ಅಪ್ಪನದು ಅನ್ನಿಸಿ ಕೈ ನಿಲ್ಲಿಸುತ್ತಿದ್ದೆ. ವೆಲ್ಡಿಂಗ್ ಕಿಡಿಗಳು ನೀಲಿಯಾಗಿ ಹಾರುತ್ತಿದ್ದವು, ಹೊರಗೆ ಬಸ್ಸುಗಳು ಹೋಗುತ್ತಿದ್ದವು, ನಾನು ಎಲ್ಲಿದ್ದೇನೆ, ಯಾವ ವಯಸ್ಸಿನಲ್ಲಿದ್ದೇನೆ ಎಂಬುದು ಒಂದು ಗಳಿಗೆ ಮರೆತುಹೋಗುತ್ತಿತ್ತು.

ಮೂರಡಿ ಎತ್ತರದ ಚಕ್ರ ಮುಗಿದ ಮೇಲೆ ಅದನ್ನು ಇಡಲು ನೀರು ಬೇಕಲ್ಲ. ಅರಕೆರೆಯಲ್ಲಿ ನನಗೆ ಪರಿಚಯದ ಒಬ್ಬ ಹೆಂಗಸಿದ್ದರು. ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವವರು. ಅವರ ಗದ್ದೆಯ ಅಂಚಿನಲ್ಲಿ ಸಣ್ಣ ಕಾಲುವೆಯೊಂದು ಮೊಣಕಾಲೆತ್ತರದಿಂದ ಧುಮುಕಿ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಅವರನ್ನು ಕೇಳಿದೆ. ಅವರಿಗೆ ಇದ್ದ ಚಿಂತೆ ಒಂದೇ. "ನಂ ನೀರೇನೂ ಕಮ್ಮಿ ಆಗಕಿಲ್ವಾ ತಾಯಿ?" ಎಂದರು. ಚಕ್ರ ನೀರು ಕುಡಿಯುವುದಿಲ್ಲ, ತಳ್ಳಿಸಿಕೊಳ್ಳುತ್ತದೆ ಅಷ್ಟೇ, ಬಂದಷ್ಟು ನೀರೂ ನಿಮ್ಮ ಗದ್ದೆಗೇ ಹೋಗುತ್ತದೆ ಎಂದು ವಿವರಿಸಿದೆ. ಕೆಳಗಿನ ಗದ್ದೆಯವರನ್ನೂ ಒಂದು ಮಾತು ಕೇಳಿ ಬಂದು, ಇಟ್ಟುಕೊಳ್ಳಿ ಎಂದರು.

ಚಕ್ರ ಇಟ್ಟ ದಿನ ಅದು ತಿರುಗಿತು, ಆದರೆ ದೀಪ ಹತ್ತಲಿಲ್ಲ. ಹಳೇ ಸೈಕಲ್ಲಿನ ಡೈನಮೋ ಕಟ್ಟಿದ್ದೆವು. ನಮ್ಮ ಚಕ್ರ ಎತ್ತು ನಡೆದ ಹಾಗೆ ನಿಧಾನ, ಡೈನಮೋಗೆ ಬೇಕಾದದ್ದು ಸೈಕಲ್ಲಿನ ಓಟ. ಮಾವ ದಂಡೆಯ ಮೇಲೆ ಕೂತು ಬೀಡಿ ಮುಗಿಯುವವರೆಗೂ ಚಕ್ರವನ್ನೇ ನೋಡಿದರು. ಮುಂದಿನ ವಾರ ಎರಡು ಸೈಕಲ್ ರಿಮ್ಮು, ರಬ್ಬರಿನ ಪಟ್ಟಿಗಳನ್ನು ತಂದರು. ದೊಡ್ಡದು ಒಂದು ಸುತ್ತು ತಿರುಗಿದರೆ ಚಿಕ್ಕದು ಹತ್ತಾರು ಸುತ್ತು ತಿರುಗುವ ಹಾಗೆ ಒಂದರಿಂದ ಒಂದಕ್ಕೆ ಓಟವನ್ನು ಏರಿಸಿದರು. ಕೋಲಿನ ತುದಿಯಲ್ಲಿ ಕಟ್ಟಿದ್ದ ಪುಟ್ಟ ಎಲ್‌ಇಡಿ ದೀಪ ಮೊದಲು ಮಿಣುಕಿತು, ಆಮೇಲೆ ಸೋರೆ ಹೂವಿನ ಮೊಗ್ಗಿನಷ್ಟು ಬೆಳಕಾಗಿ ನಿಂತಿತು. ಹಗಲಿನಲ್ಲಿ ಅದು ಕಾಣುವುದೇ ಕಷ್ಟ. ನಾವು ಮೂವರೂ ಸೆರಗು, ಟವಲು, ಕೈಗಳನ್ನು ಅಡ್ಡ ಹಿಡಿದು ನೆರಳು ಮಾಡಿಕೊಂಡು ನೋಡಿದೆವು. ಗದ್ದೆಯ ಯಜಮಾನಿ ಮೆಲ್ಲಗೆ ನಕ್ಕರು. ಇಷ್ಟು ವರ್ಷ ಈ ನೀರಿನ ಸದ್ದು ಕೇಳುತ್ತಲೇ ಮಲಗಿದ್ದೇನೆ, ಅದರೊಳಗೆ ಇದೂ ಇತ್ತಾ ಎಂದರು.

ಮಾರನೆಯ ದಿನ ಮೇಷ್ಟ್ರನ್ನು ಕರೆದೆ. ಬರುವುದಿಲ್ಲ ಅನ್ನಬಹುದು ಎಂದುಕೊಂಡಿದ್ದೆ. ಬಂದರು. ಚಪ್ಪಲಿ ಬಿಟ್ಟು ಕಾಲುವೆಗೆ ಕಾಲಿಳಿಸಿ ಕೂತರು. ಚಕ್ರದ ರೆಕ್ಕೆ ಮೇಲೇರುವಾಗ ಹನಿಗಳು ಅವರ ಶರ್ಟಿನ ಮೇಲೆ ಬೀಳುತ್ತಿದ್ದವು. ಅವನ್ನು ಒರೆಸಿಕೊಳ್ಳದೆ, "ನಲವತ್ತು ವರ್ಷ ಬೋರ್ಡಿನ ಮೇಲೆ ಬರೆದೆ ಕಣಮ್ಮ ಇದನ್ನ. ಕಾಲಿಗೆ ತಗುಲಿದ್ದು ಇವತ್ತೇ" ಎಂದರು. ಅವತ್ತು ಸಂಗ್ರಹಾಲಯಕ್ಕೆ ವಾಪಸ್ಸು ಹೋದ ಮೇಲೆ ಬೆಟ್ಟದ ಸುತ್ತಲಿನ ನೀಲಿ ಬಟ್ಟೆಯನ್ನು ತಾವೇ ಬಿಚ್ಚಿ ಮಡಿಚಿಟ್ಟರು. ಮೋಟಾರಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದು ಅಂಟಿಸಿದರು: ಈ ನೀರನ್ನು ಮೇಲೆತ್ತುವುದು ಗೋಡೆಯ ಕರೆಂಟು. ಆಮೇಲೆ ಸಿಂಧಘಟ್ಟದ ಆಚೆಯ ಆ ಶಾಲೆಗೆ ಕಾಗದ ಬರೆದು, ಮಕ್ಕಳನ್ನು ಮತ್ತೊಮ್ಮೆ ಕಳಿಸಬೇಕು, ಈ ಸಲ ಅರಕೆರೆಗೆ ಎಂದು ಕೇಳಿಕೊಂಡರು.

ಮಕ್ಕಳು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೆ ಅರಕೆರೆಗೆ ಹೋಗಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವಳಿಗೆ ಏನೋ ಒಂದು ಇಲ್ಲವಲ್ಲ ಅನ್ನಿಸಿತು. ಹತ್ತು ಹೆಜ್ಜೆ ಹೋದ ಮೇಲೆ ಗೊತ್ತಾಯಿತು, ನೀರಿನ ಸದ್ದಿಲ್ಲ. ನಾಲೆಗೆ ನೀರನ್ನು ಸರದಿಯ ಮೇಲೆ ಬಿಡುತ್ತಾರೆ. ಸರದಿ ಎರಡು ದಿನ ಮುಂಚೆಯೇ ಬದಲಾಗಿತ್ತಂತೆ. ಕಾಲುವೆಯಲ್ಲಿ ಕೆಸರು, ಕೆಸರಿನಲ್ಲಿ ಬಸವನಹುಳುಗಳು ಎಳೆದ ಗೆರೆಗಳು. ನನ್ನ ಚಕ್ರ ಗಾಳಿಗೂ ಅಲುಗದೆ ನಿಂತಿತ್ತು.

ಒಂಬತ್ತೂವರೆಗೆ ಮಕ್ಕಳ ವ್ಯಾನು ಬಂತು. ಜಡೆಯ ಹುಡುಗಿ ಇಳಿಯುವುದನ್ನು ದೂರದಿಂದಲೇ ಕಂಡೆ. ಅವಳಿಗೆ ಒಂದು ಹಲ್ಲು ಅರ್ಧ ಬಂದಿತ್ತು. ಮೇಷ್ಟ್ರು ನನ್ನ ಮುಖ ನೋಡಿ, ಏನಾದರೂ ಹೇಳಿ ಸಂಭಾಳಿಸೋಣವೇ ಎಂದು ಕಣ್ಣಲ್ಲೇ ಕೇಳಿದರು. ನಾನು ಮಕ್ಕಳನ್ನು ಹೊಂಗೆ ಮರದ ಕೆಳಗೆ ಕೂರಿಸಿದೆ.

"ಮಕ್ಕಳೇ, ನಿಜ ಹೇಳ್ತೀನಿ ಕೇಳಿ. ಈ ಚಕ್ರ ನೀರಿಂದ ದೀಪ ಹತ್ತಿಸ್ತದೆ. ಆದ್ರೆ ಇವತ್ತು ನೀರಿಲ್ಲ. ಅದಕ್ಕೆ ತಿರುಗಲ್ಲ, ದೀಪ ಹತ್ತಲ್ಲ. ನಿಮಗೆ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಮಕ್ಕಳು ಚಕ್ರವನ್ನೂ ನನ್ನನ್ನೂ ನೋಡಿದರು. ಅವರಿಗೆ ನಿರಾಸೆಯಾದ ಹಾಗೆ ನನಗೆ ಕಾಣಲಿಲ್ಲ. ದೊಡ್ಡವರು ಹೀಗೆ ಹೇಳುವುದನ್ನು ಅವರು ಮೊದಲ ಸಲ ಕೇಳುತ್ತಿದ್ದರೇನೋ. ಹುಡುಗಿ ಎದ್ದು ಹೋಗಿ ಕಾಲುವೆಯೊಳಗೆ ಬಗ್ಗಿ ನೋಡಿದಳು. ಚಕ್ರದ ಸುತ್ತ ಒಂದು ಸುತ್ತು ಬಂದಳು. ಅಲ್ಲಿ ಬಟ್ಟೆಯೂ ಇರಲಿಲ್ಲ, ವೈರೂ ಇರಲಿಲ್ಲ.

"ನಾಳಿಕೆ ಬತ್ತದಾ?" ಎಂದು ಕೇಳಿದಳು.

"ನಾಳೆ ಅಲ್ದಿದ್ರೆ ನಾಡಿದ್ದು. ಬತ್ತದೆ. ಹೋಗ್ತದೆ, ಮತ್ತೆ ಬತ್ತದೆ."

ಅವಳು ತಲೆಯಾಡಿಸಿದಳು. ಆಮೇಲೆ ಎರಡೂ ಕೈಯಿಂದ ಒಂದು ರೆಕ್ಕೆ ಹಿಡಿದು ಕೆಳಕ್ಕೆ ತಳ್ಳಿದಳು. ಚಕ್ರ ಸ್ವಲ್ಪ ಅಲುಗಿತು. ಇನ್ನಿಬ್ಬರು ಓಡಿ ಬಂದರು, ಅವರ ಹಿಂದೆ ಎಲ್ಲರೂ. ಮಾವ ಅಂದು ಪಾಂಡವಪುರದಿಂದ ಬಂದಿದ್ದರು. ಮಕ್ಕಳ ಬೆರಳು ಪಟ್ಟಿಗೆ ಸಿಗದ ಹಾಗೆ ರಿಮ್ಮುಗಳ ಮುಂದೆ ತಾವೇ ಅಡ್ಡ ಕೂತರು. ಸರದಿಯ ಮೇಲೆ ನಾಲ್ಕು ನಾಲ್ಕು ಮಕ್ಕಳು ಕೆಸರಿನಲ್ಲಿ ನಿಂತು ರೆಕ್ಕೆಗಳನ್ನು ತಳ್ಳಿದರು. ದೀಪ ಮಿಣುಕಿತು. ನಿಲ್ಲಿಸಿದರೆ ಆರಿತು. ತಳ್ಳಿದರೆ ಮತ್ತೆ ಹತ್ತಿತು.

ದಣಿದು ಮರದ ಕೆಳಗೆ ಬಂದು ಬಿದ್ದುಕೊಂಡಾಗ, ಈಗ ಕರೆಂಟು ಎಲ್ಲಿಂದ ಬಂತು ಎಂದು ಕೇಳಿದೆ. ಕೈಯಿಂದ ಎಂದರು. ಕೈಗೆ ಬಲ ಎಲ್ಲಿಂದ ಬಂತು ಎಂದೆ. ಬೆಳಿಗ್ಗೆ ರೊಟ್ಟಿ ತಿಂದಿದ್ದೇನೆ ಎಂದ ಒಬ್ಬ. ನಾನು ಮುದ್ದೆ ಎಂದಳು ಇನ್ನೊಬ್ಬಳು. ಮುದ್ದೆ ರಾಗಿಯಿಂದ, ರಾಗಿ ಹೊಲದಿಂದ. ಹೊಲದಲ್ಲಿ ರಾಗಿ ಏನು ತಿಂದು ಬೆಳೆಯಿತು ಎಂದಾಗ ಮಕ್ಕಳು ಮಣ್ಣು, ನೀರು, ಗೊಬ್ಬರ ಎಂದೆಲ್ಲ ಹೇಳಿದರು.  ಎಲ್ಲರೂ ಅಂಗಾತ ಮಲಗಿದ್ದೆವು. ಹೊಂಗೆಯ ಎಲೆಗಳ ನಡುವೆ ಬಿಸಿಲು ಬರುತ್ತಿತ್ತು, ಹೋಗುತ್ತಿತ್ತು. ಯಾರು ಹೇಳಿದರೋ ತಿಳಿಯದು, ನಿದ್ದೆಗಣ್ಣಿನ ದನಿಯೊಂದು, "ಬಿಸ್ಲು ತಿಂದ್ಕೊಂಡು" ಎಂದಿತು. ನಾನು ಹೌದು ಎಂದೂ ಹೇಳಲಿಲ್ಲ. ಹೇಳಿದ್ದರೆ ಆ ಹೊತ್ತು ಒಡೆದುಹೋಗುತ್ತಿತ್ತು. ಮೇಷ್ಟ್ರು ಮಕ್ಕಳ ನಡುವೆ ಮಲಗಿ ಕಣ್ಣು ಮುಚ್ಚಿದ್ದರು. ಮಕ್ಕಳ ಕಾಲಿನ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡುತ್ತ ನಾನು ಎಷ್ಟು ಹೊತ್ತು ಇದ್ದೆನೋ.

ಆಮೇಲೆ ಹುಡುಗಿಯ ಹತ್ತಿರ ಹೋಗಿ ಕೂತೆ. ಆವತ್ತು ನೀನು ಹೇಳಿದ್ದು ಸರಿ, ಅದು ಗೋಡೆಯ ಕರೆಂಟು, ನಾನು ಹೇಳಿದ್ದೇ ತಪ್ಪು, ಗದರಿದ್ದೂ ತಪ್ಪು ಎಂದೆ. ಆದರೆ ವೈರು ಮಾತ್ರ ಎಲ್ಲೂ ಮುಟ್ಟಬೇಡ ಎಂದೂ ಸೇರಿಸಿದೆ. ಅವಳಿಗೆ ಅದು ನೆನಪಿತ್ತೋ ಇಲ್ಲವೋ. ಸೊಂಟದ ಜೇಬಿನಿಂದ ಒಂದು ಚೂರು ಬೆಲ್ಲ ತೆಗೆದು ಅರ್ಧ ಕಚ್ಚಿ ಉಳಿದರ್ಧ ನನಗೆ ಕೊಟ್ಟಳು.

ನೀರು ಬಂದದ್ದು ಮೂರನೆಯ ದಿನ. ಸುದ್ದಿ ತಿಳಿದ ಕೂಡಲೇ ಅರಕೆರೆಗೆ ಹೋದೆ. ಚಕ್ರ ತಿರುಗುತ್ತಿತ್ತು, ದೀಪ ಹತ್ತಿತ್ತು, ಗದ್ದೆಯ ಯಜಮಾನಿ ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದರು. ಶಾಲೆಯ ಮೇಡಮ್ಮಿಗೆ ಫೋನು ಮಾಡಿದೆ. ವಿಡಿಯೋ ಕಾಲ್ ಮಾಡಲು ಆ ಬದುವಿನ ಮೇಲೆ ಸಿಗ್ನಲ್ಲು ಸಾಲದು. ಅವರು ಸ್ಪೀಕರ್ ಹಾಕಿ ಫೋನನ್ನು ತರಗತಿಯ ಮೇಜಿನ ಮೇಲಿಟ್ಟರು. ನಾನು ನನ್ನ ಫೋನನ್ನು ಚಕ್ರದ ಹತ್ತಿರ ಹಿಡಿದೆ. ರೆಕ್ಕೆಗೆ ನೀರು ಬೀಳುವ ಸದ್ದು, ಅಚ್ಚಿನ ಸಣ್ಣ ನರಳಿಕೆ. ಆ ತುದಿಯಲ್ಲಿ ಇಪ್ಪತ್ತು ಮಕ್ಕಳ ಮೌನ. ಆ ಮೌನವೂ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಮಿಸ್ಸು, ದೀಪ ಹತ್ಕೊಂಡದಾ?" ಅದು ಅವಳದೇ ದನಿ.

"ಹತ್ಕೊಂಡದೆ ಕಣಮ್ಮ."

ಸ್ವಲ್ಪ ಹೊತ್ತು ಬರೀ ನೀರು. ಆಮೇಲೆ, "ದಿಟವಾಗ್ಲೂ?" ಎಂದಳು.

"ದಿಟವಾಗ್ಲೂ."

ನನ್ನ ಮಾತೊಂದೇ ಅವಳಿಗಿದ್ದ ಸಾಕ್ಷಿ. ಅವಳು ಅದನ್ನು ತೆಗೆದುಕೊಂಡಳು. ಸರಿ ಮಿಸ್ಸು ಎಂದಳು. ಫೋನು ಕೆಳಗಿಟ್ಟ ಮೇಲೆ ನಾನು ಕಾಲುವೆಯ ದಂಡೆಯಲ್ಲೇ ಕೂತುಬಿಟ್ಟೆ. ಯಜಮಾನಿ ಯಾಕೆ ತಾಯಿ ಎಂದು ಕೇಳಿದರು. ಏನಿಲ್ಲ ಎಂದೆ.

ಆ ವಾರವೇ ಮೇಷ್ಟ್ರು ಕೋಣೆಯ ಬಾಗಿಲ ಮೇಲಿನ ಹಲಗೆಯನ್ನು ಇಳಿಸಿ ಹೊಸದಾಗಿ ಬರೆಸಿದರು. 'ಮುಗಿಯದ ಶಕ್ತಿ' ಹೋಗಿ 'ತಿರುಗಿ ಬರುವ ಶಕ್ತಿ' ಆಯಿತು. ಕೇಳಿದವರಿಗೆಲ್ಲ, ಇದು ಎರಡನೇ ತರಗತಿಯವರು ಮಾಡಿದ ತಿದ್ದುಪಡಿ ಎನ್ನುತ್ತಿದ್ದರು. ಅಲ್ಲಿಂದೀಚೆಗೆ ನಮ್ಮ ಪಾಠದ ದಿನಗಳನ್ನು ನಾಲೆಯ ಸರದಿ ನೋಡಿಕೊಂಡು ಗೊತ್ತುಮಾಡುತ್ತೇವೆ. ನೀರಿಲ್ಲದ ದಿನವೂ ಒಂದೆರಡು ಶಾಲೆಗಳನ್ನು ಬೇಕೆಂದೇ ಕರೆಯುತ್ತೇವೆ. ಮಾಕವಳ್ಳಿ ಕಡೆಯ ಮಕ್ಕಳು ಬಂದರೆ ಒಣಗಿದ ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವ ಆಲೆಮನೆಯ ಕಥೆಯನ್ನು ಅವರೇ ನಮಗೆ ಹೇಳುತ್ತಾರೆ.

ಒಂದು ಸಲ ನಾಗಮಂಗಲದ ಕಡೆಯ ಒಂದು ಶಾಲೆಯವರು, ನಿಮ್ಮ ಚಕ್ರವನ್ನು ನಮ್ಮೂರಿಗೆ ತನ್ನಿ ಎಂದು ಕೇಳಿದರು. ಅಲ್ಲಿ ನಾಲೆಯಿಲ್ಲ, ಹರಿಯುವ ನೀರಿಲ್ಲ. ಏನು ತೆಗೆದುಕೊಂಡು ಹೋಗುವುದು ಎಂದು ನಾನು ಚಿಂತೆ ಮಾಡುತ್ತಿದ್ದರೆ ಮೇಷ್ಟ್ರು, ಏನೂ ಬೇಡ, ಹೋಗಿ ಕೇಳೋಣ ಎಂದರು. ಬರಿಗೈಯಲ್ಲಿ ಬಸ್ಸು ಹತ್ತಿದೆವು. ರಾಗಿ ಒಕ್ಕಣೆಯ ಕಾಲ. ಶಾಲೆಯ ಹಿಂದೆಯೇ ಕಣ. ಅಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ರಾಗಿ ತುಂಬಿಕೊಂಡು ನಿಂತಿದ್ದರು. ಗಾಳಿ ಇರಲಿಲ್ಲ. ಮಕ್ಕಳನ್ನು ಅವರ ಸುತ್ತ ಕೂರಿಸಿದೆವು. ಅಜ್ಜಿ ಆಕಾಶ ನೋಡಲಿಲ್ಲ, ಮರ ನೋಡಲಿಲ್ಲ, ತಮ್ಮ ಕೆನ್ನೆಯನ್ನು ಮಾತ್ರ ಸ್ವಲ್ಪ ಓರೆ ಮಾಡಿಕೊಂಡು ನಿಂತಿದ್ದರು. ಬಹಳ ಹೊತ್ತಾಯಿತು. ಒಬ್ಬಿಬ್ಬರು ಮಕ್ಕಳು ಆಕಳಿಸಿದರು.

ಗಾಳಿ ಬಂದಾಗ ನನಗೆ ತಿಳಿಯಲೇ ಇಲ್ಲ, ಅವರಿಗೆ ತಿಳಿಯಿತು. ಮೊರ ತಲೆಯ ಮೇಲೇರಿತು. ರಾಗಿ ನೇರವಾಗಿ ಅವರ ಕಾಲ ಬಳಿ ಇಳಿಯಿತು, ಹೊಟ್ಟು ತೇಲಿಕೊಂಡು ಬಂದು ನಮ್ಮೆಲ್ಲರ ಮೇಲೆ ಕವಿಯಿತು. ಮಕ್ಕಳು ಕಣ್ಣು ಮುಚ್ಚಿಕೊಂಡು ಮುಖವನ್ನು ಅದಕ್ಕೇ ಒಡ್ಡಿದರು. ಯಾವ ಕಾಳು ಹಗುರ, ಯಾವುದು ಭಾರ ಎಂದು ಗಾಳಿ ಹೇಗೆ ಕಂಡುಹಿಡಿಯುತ್ತದೆ ಎಂದು ಒಬ್ಬಳು ಕೇಳಿದಳು. ನನಗೆ ಅದನ್ನು ಹೇಳಲು ಬರುತ್ತಿತ್ತು, ಆದರೆ ಅಜ್ಜಿಯೇ ಹೇಳಲಿ ಎಂದು ಅವರ ಕಡೆ ನೋಡಿದೆ. ಅಜ್ಜಿ ಆ ಮಗುವಿನ ಅಂಗೈಗೆ ಒಂದು ಹಿಡಿ ತುಂಬಿ, ನೀನೇ ಎಸೆದು ನೋಡು ಎಂದರು.

ಹಿಂದಕ್ಕೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಸಂಜೆಯ ಬಿಸಿಲು. ಮೇಷ್ಟ್ರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವರ ಕೂದಲು, ಹುಬ್ಬು, ಶರ್ಟಿನ ಕಾಲರು ಎಲ್ಲವೂ ರಾಗಿ ಹೊಟ್ಟಿನಿಂದ ತೆಳ್ಳಗೆ ಬೆಳ್ಳಗಾಗಿತ್ತು. ಕಂಡಕ್ಟರು ಟಿಕೆಟ್ಟು ಕೊಡಲು ಬಂದು ಅವರನ್ನು ನೋಡಿ ನಕ್ಕು, ಒಕ್ಕಣೆಗೆ ಹೋಗಿದ್ರಾ ಎಂದು ನನ್ನನ್ನು ಮೆಲ್ಲಗೆ ಕೇಳಿದ. ಇಲ್ಲ, ಇಸ್ಕೂಲಿಗೆ ಎಂದೆ.